ಬೀಗರು ಕೊಟ್ಟ ಕಣ್ಣು

ಮುಕಂಬರ್ ಕೈಯಲ್ಲಿದ್ದ ಇದ್ದಿಲ ಕಡ್ಡಿಯನ್ನು ಗೋಡೆಗೆ ಬೀಸಿ ಹೊಡೆದಳು. ಚೌಕಟ್ಟಿಗೆ ಬಿಗಿದಿದ್ದ ಬಿಳಿ ರೇಷ್ಮೆ ಎಳೆಗಳ ಮೇಲೆ ಬೆಳಗಿನಿಂದ ಎಳೆದ ದಾಳಿಂಬೆ ಹಣ್ಣಿನ ಗೆರೆಗಳು ಅಲ್ಲಿವೆಯೋ ಇಲ್ಲವೋ ಅವಳಿಗೇ ತಿಳಿಯುತ್ತಿರಲಿಲ್ಲ. ಎಡಗಣ್ಣಿನಿಂದ ನೋಡಿದರೆ ಇದ್ದವು. ಬಲಗಣ್ಣಿನಿಂದ ನೋಡಿದರೆ ಎಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ. ಎರಡನ್ನೂ ತೆರೆದರೆ ಕೆಟ್ಟ ಕಣ್ಣು ಒಳ್ಳೆಯ ಕಣ್ಣನ್ನೂ ಕೆಡಿಸಿ ತಲೆ ಗಿರ್ರೆನ್ನುತ್ತಿತ್ತು. ಅವಳು ಗೆರೆ ಎಳೆದ ಮೇಲೆಯೇ ಬೇರೆಯವರು ಎಳೆ ಕಟ್ಟಿ ಬಣ್ಣಕ್ಕೆ ಅದ್ದುವುದು, ಆಮೇಲೆ ಮಗ್ಗಕ್ಕೆ ಏರಿಸುವುದು. ಗೆರೆ ತಪ್ಪಿತೆಂದರೆ ಅಟ್ಲಾಸ್ ಅನ್ನುವ ಆ ರೇಷ್ಮೆ ಬಟ್ಟೆ ಅಲ್ಲಿಗೇ ಕೆಟ್ಟಿತು.

ಹಾಳಾದ ಈ ಬಲಗಣ್ಣು ಬೀಗರು ಕೊಟ್ಟ ಉಡುಗೊರೆ. ಉಡುಗೊರೆ ಅಂದಮೇಲೆ ಬಯ್ಯುವ ಹಾಗಿಲ್ಲ, ಹೊಗಳಬೇಕು. ಮರ್ಗಿಲಾನಿನ ರೇಷ್ಮೆ ಬೀದಿಯಲ್ಲಿ ಎದುರಾದವರೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದರು. "ಏನೇ ಮುಕಂಬರ್, ಕನ್ನಡಕ ಎಲ್ಲಿ? ಹುಡುಗಿ ಆಗ್ಬಿಟ್ಟೆಯಲ್ಲೇ! ಮಗಳ ಜೊತೆ ನಿನಗೂ ಒಂದು ಗಂಡು ನೋಡೋಣ್ವಾ?" ಅವಳು ಹಲ್ಲು ಬಿಟ್ಟು, "ಬೀಗರ ದಯೆ" ಅನ್ನುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಸಂಜೆಯಾದರೆ ಬೀದಿದೀಪದ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣುತ್ತಿತ್ತು. ಕಾರು ಬಂದರೆ ಎಷ್ಟು ದೂರದಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಈಗ ಅದೇ ಉಡುಗೊರೆಯನ್ನು, ಅದೇ ಲೆನ್ಸನ್ನು, ಎಡಗಣ್ಣಿಗೂ ಹಾಕುತ್ತಾರಂತೆ. ಮದುವೆಗೆ ಮೊದಲೇ ಮುಗಿಸಿಬಿಡೋಣ ಅಂತ ಬೀಗಿತ್ತಿ ಹೇಳಿ ಕಳಿಸಿದ್ದಳು. ಮುಕಂಬರಳಿಗೆ ಉಳಿದದ್ದು ಅದೊಂದು ಕಣ್ಣು. ಅದೂ ಹೋದರೆ ಗೆರೆ ಎಳೆಯುವ ಕೈ ಇದ್ದೂ ದಂಡ. ಅದನ್ನು ಯೋಚಿಸಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಮಡಕೆ ಕುಡಿಕೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಇದರ ಬೇರು ಹಿಂದಕ್ಕೆ ಹೋಗುತ್ತದೆ. ಗಂಡ ಸತ್ತ ಮಾರನೆಯ ವರ್ಷ ಅವಳ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಪರದೆ, ಹರಿದು ಕಳಚಿಕೊಂಡಿತ್ತು. ತಾಷ್ಕೆಂಟಿನಲ್ಲಿ ಕಿಮ್ ಅನ್ನುವ ಕೊರಿಯಾ ಮೂಲದ ವೈದ್ಯೆ ಅದನ್ನು ಮತ್ತೆ ಅಂಟಿಸಿದಳು. ಒರಟು ಮಾತಿನ ಹೆಂಗಸು, ಆದರೆ ಮನಸ್ಸಿಟ್ಟು ಮಾಡಿದಳು. ಕಳಿಸುವಾಗ ಕೈ ಹಿಡಿದು ಹೇಳಿದ್ದಳು: "ಕೇಳು ತಂಗಿ. ಈ ಆಪರೇಷನ್ ಆದ ಕಣ್ಣಿಗೆ ಬೇಗ ಪೊರೆ ಬರುತ್ತೆ. ಪೊರೆ ತೆಗೆಯೋವಾಗ ಎಲ್ಲ ದೂರಕ್ಕೂ ಕಾಣೋ ಲೆನ್ಸು, ಕನ್ನಡಕಾನೇ ಬೇಡ ಅಂತ ಆಸೆ ತೋರಿಸ್ತಾರೆ. ಬೇಡ ಅನ್ನು. ಆ ಲೆನ್ಸು ಬೆಳಕನ್ನ ಪಾಲು ಮಾಡುತ್ತೆ, ಹತ್ತಿರಕ್ಕಿಷ್ಟು ದೂರಕ್ಕಿಷ್ಟು ಅಂತ. ನಿನ್ನ ರೆಟಿನಾಕ್ಕೆ ಪೂರ್ತಿ ಬೆಳಕು ಬಿದ್ರೇನೇ ಕಷ್ಟ. ಸಾದಾ ಲೆನ್ಸ್ ಹಾಕಿಸ್ಕೋ, ಕನ್ನಡಕ ಇಟ್ಕೋ. ಎಡಗಣ್ಣಲ್ಲೂ ತೆಳುವಾದ ಜಾಗ ಇದೆ, ಲೇಸರ್ ಹಾಕಿದೀನಿ. ಅದಕ್ಕೂ ಇದೇ ಮಾತು."

ಮುಕಂಬರ್ ತಲೆಯಾಡಿಸಿ ಬಂದಳು. ಊರಿಗೆ ಬಂದ ಮೇಲೆ ಆ ಮಾತನ್ನು ಹೊರಗೆ ಆಡುವ ಹಾಗೇ ಇರಲಿಲ್ಲ, ಯಾಕೆಂದರೆ ಗಂಡನ ಅಕ್ಕ ಹೊಸಿಯತ್ ಆಪಾ ಅಷ್ಟು ಹೊತ್ತಿಗೆ ಮುಕಂಬರ್ ತಾಷ್ಕೆಂಟಿಗೆ ಹೋದದ್ದು ಪಿತ್ತಕೋಶದ ಕಲ್ಲು ತೆಗೆಸಲು ಅಂತ ಇಡೀ ಮೊಹಲ್ಲಾಕ್ಕೆ ಕಥೆ ಹಂಚಿ ಮುಗಿಸಿದ್ದಳು. ಹೊಸಿಯತ್ ಆಪಾ ಆ ಮನೆಯ ಹಿರಿಯಳು. ಕುಂಕುಮದ ಬಣ್ಣದ ರುಮಾಲು ಬಿಗಿದು, ಚಿನ್ನದ ಹಲ್ಲು ತೋರಿಸಿ ನಕ್ಕರೆ ಮುಗಿಯಿತು, ಅವಳ ಮಾತಿಗೆ ಎದುರು ಮಾತಿಲ್ಲ. "ಕಣ್ಣಿನ ಕಾಯಿಲೆ ರಕ್ತದಲ್ಲಿ ಹರಿಯುತ್ತೆ ಅಂತಾರೆ ಜನ. ನಿನಗೆ ಮಗಳಿದಾಳೆ. ನಾಳೆ ಹೆಣ್ಣು ಕೇಳೋಕೆ ಬಂದವರು ಬಾಗಿಲಿಂದಲೇ ವಾಪಸ್ ಹೋದ್ರೆ ನೀನು ಕಣ್ಣಿಟ್ಕೊಂಡು ಏನ್ ನೋಡ್ತೀಯ?" ಅಂದಿದ್ದಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಆಯ್ದೀನಳಿಗೆ ಮುಕಂಬರಳೇ ಪಾಠ ಹೇಳಿಕೊಟ್ಟಳು: ಯಾರು ಕೇಳಿದರೂ ಅಮ್ಮನಿಗೆ ಪಿತ್ತಕೋಶ ಅನ್ನು. ಹುಡುಗಿ ಜಾಣೆ, ಒಮ್ಮೆಯೂ ತಪ್ಪಲಿಲ್ಲ.

ಹೆಣ್ಣು ಕೇಳಲು ಬಂದವರು ಒಳ್ಳೆಯ ಮನೆಯವರೇ. ಹುಡುಗನ ತಾಯಿ ಫರ್ಗಾನಾದ ಮಂಜೂರಾ, ದೊಡ್ಡ ಧ್ವನಿಯ, ಧಾರಾಳ ಕೈಯ ಹೆಂಗಸು. ಅವಳ ತಮ್ಮ ನೋದಿರ್ ಕಣ್ಣಿನ ಡಾಕ್ಟರ್, ಸ್ವಂತ ಆಸ್ಪತ್ರೆ ಇಟ್ಟಿದ್ದ. ನಾನ್ ರೊಟ್ಟಿ ಮುರಿದು ಮಾತು ಗಟ್ಟಿ ಮಾಡಿಕೊಂಡ ದಿನವೇ ಮಂಜೂರಾ ಮುಕಂಬರಳ ದಪ್ಪ ಕನ್ನಡಕ ನೋಡಿ ಕೈ ತಟ್ಟಿದಳು. "ಬೀಗಿತ್ತಿ, ನಿಮ್ಮ ಬಲಗಣ್ಣಲ್ಲಿ ಪೊರೆ ಬಿಳಿ ಬಿಳಿ ಕಾಣ್ತಿದೆಯಲ್ಲ! ನನ್ನ ತಮ್ಮ ಇದಾನೆ. ಇರೋದ್ರಲ್ಲಿ ಒಳ್ಳೇ ಲೆನ್ಸು ಹಾಕಿಸ್ತೀನಿ. ಮದುವೇಲಿ ಮಗಳ ಮುಖಾನ ಕನ್ನಡಕ ಇಲ್ಲದೆ ನೋಡಿ. ಬೇಡ ಅಂದ್ರೆ ನನಗೆ ಅವಮಾನ ಮಾಡಿದ ಹಾಗೆ!" ಅಂದಳು. ಸುತ್ತ ಕೂತ ಹೆಂಗಸರೆಲ್ಲ ಆಮೀನ್ ಅಂದು ಮುಖ ಸವರಿಕೊಂಡರು. ಇನ್ನು ಬೇಡ ಅನ್ನುವುದೆಲ್ಲಿ ಬಂತು?

ಆಸ್ಪತ್ರೆಗೆ ಹೊಸಿಯತ್ ಆಪಾ ಜೊತೆಗೇ ಬಂದಳು. ಮಂಜೂರಾ ಕೂಡ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಡಾಕ್ಟರ್ ನೋದಿರ್, "ಈ ಕಣ್ಣಿಗೆ ಮೊದಲು ಏನಾದ್ರೂ ಆಪರೇಷನ್ ಆಗಿದೆಯಾ?" ಅಂತ ಕೇಳಿದ. ಮುಕಂಬರ್ ಬಾಯಿ ತೆರೆಯುವಷ್ಟರಲ್ಲಿ ಆಪಾ ತೊಡೆ ಚಿವುಟಿದಳು. "ಅಯ್ಯೋ, ಯಾವ ಆಪರೇಷನ್ನಪ್ಪಾ? ನಮ್ಮ ಮನೇಲಿ ಎಲ್ಲರ ಕಣ್ಣೂ ಹದ್ದಿನ ಕಣ್ಣು. ರೇಷ್ಮೆ ನೋಡೀ ನೋಡೀ ಪೊರೆ ಬಂದಿದೆ ಅಷ್ಟೆ." ಡಾಕ್ಟರ್ ಔಷಧಿ ಬಿಟ್ಟು, ದೀಪ ಹಾಕಿ ನೋಡಿದ, ಯಂತ್ರದಲ್ಲಿ ನೋಡಿದ, ಎಡಗಣ್ಣನ್ನೂ ನೋಡಿದ. ಎಲ್ಲ ಸರಿಯಾಗಿದೆ ಅಂದ. ಮಾರನೆಯ ವಾರ ಲೆನ್ಸ್ ಕೂತಿತು.

ಆಮೇಲೆ ಶುರುವಾಯಿತು ನೋಡಿ ಹಾಲಿನ ಕಾಟ. ಕೇಳಿದಾಗಲೆಲ್ಲ ಡಾಕ್ಟರಿಂದ ಒಂದೇ ಉತ್ತರ, ಮಿದುಳು ಕಲಿಯುತ್ತೆ, ತಾಳಿ. ಚಳಿಗಾಲ ಕಳೆದು ಏಪ್ರಿಕಾಟ್ ಹೂ ಬಿಟ್ಟು ಉದುರಿತು. ಮಿದುಳು ಏನನ್ನೂ ಕಲಿಯಲಿಲ್ಲ. ಎಡಗಣ್ಣಿನ ಸುದ್ದಿ ಬಂದ ದಿನ ಮುಕಂಬರಳ ಸಹನೆ ಮುಗಿಯಿತು. ಇದ್ದಿಲು ಪುಡಿಯಾದದ್ದು ಆವತ್ತೇ. ಯಾರಿಗೂ ಹೇಳದೆ ಶಾಲು ಹೊದ್ದು ಫರ್ಗಾನಾದ ವ್ಯಾನ್ ಹತ್ತಿದಳು.

ನಿಜ ಹೇಳಿಬಿಟ್ಟರೆ ಎಡಗಣ್ಣಾದರೂ ಉಳಿಯುತ್ತದೆ, ಡಾಕ್ಟರ್ ಒಬ್ಬನಿಗೆ ಗುಟ್ಟಾಗಿ ಹೇಳಿದರೆ ಮದುವೆಗೂ ತೊಂದರೆ ಇಲ್ಲ ಅನ್ನುವುದು ಅವಳ ಲೆಕ್ಕ. ದಾರಿಯುದ್ದಕ್ಕೂ ತಪ್ಪೊಪ್ಪಿಕೊಳ್ಳುವವಳ ಹಾಗೆ ಮಾತು ಜೋಡಿಸಿಕೊಂಡಳು. ಆಸ್ಪತ್ರೆಯಲ್ಲಿ ನೋದಿರನ ಎದುರು ಕೂತೊಡನೆ ಅದನ್ನೇ ಹೇಳಿದಳು.

"ಡಾಕ್ಟ್ರೇ, ನಿಮ್ಮ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ. ಕ್ಷಮಿಸಿ. ಈ ಬಲಗಣ್ಣಿನ ರೆಟಿನಾ ಹಿಂದೆ ಆಪರೇಷನ್ ಆಗಿದೆ."

ನೋದಿರ್ ಎದ್ದು ಹೋಗಿ ಬಾಗಿಲು ಮುಚ್ಚಿದ. ವಾಪಸ್ ಬಂದು ಕೂತು, "ಗೊತ್ತು" ಅಂದ.

"ಏನು ಗೊತ್ತು?"

"ಅವತ್ತೇ ನೋಡಿದೆ. ಪೊರೆ ಪೂರ್ತಿ ಮುಚ್ಚಿರ್ಲಿಲ್ಲವಲ್ಲ. ಲೇಸರ್ ಹಾಕಿದ ಗುರುತುಗಳು ಸುತ್ತ ಕಾಣ್ತಿದ್ವು. ಎಡಗಣ್ಣಲ್ಲೂ ಇವೆ."

ಮುಕಂಬರಳಿಗೆ ಕಿವಿ ಗುಂಯ್‌ಗುಟ್ಟಿತು. "ನೋಡಿಯೂ ಅದನ್ನೇ ಹಾಕಿದ್ರಾ?"

"ನಾನೇನ್ ಮಾಡ್ಲಿ, ನೀವೇ ಹೇಳಿ ಬೀಗಿತ್ತಿ. ನಮ್ಮಕ್ಕನ ಎದುರಿಗೆ ಹೊಸಿಯತ್ ಆಪಾ ಏನೂ ಆಗಿಲ್ಲ ಅಂದ್ರು. ಹಿರಿಯರು. ನೀವು ಸುಳ್ಳು ಹೇಳ್ತಿದೀರಿ ಅಂತ ಅವರ ಮುಖಕ್ಕೆ ಹೇಳೋಕಾಗತ್ತಾ? ರೊಟ್ಟಿ ಮುರಿದ ಸಂಬಂಧ ಅಲ್ಲೇ ಮುರಿದುಬೀಳ್ತಿತ್ತು. ನೀವು ಮುಚ್ಚಿಡ್ತಿದೀರಿ ಅಂತ ಅರ್ಥ ಆಯ್ತು, ನಾನೂ ಸುಮ್ಮನಾದೆ. ನಿಮ್ಮ ಮರ್ಯಾದೆ ಕಾಪಾಡಿದೆ."

"ಸಾದಾ ಲೆನ್ಸ್ ಹಾಕಿ ಸುಮ್ಮನಾಗಬಹುದಿತ್ತಲ್ಲ?"

"ಆಮೇಲೆ ನೀವು ಕನ್ನಡಕ ಹಾಕ್ಕೊಂಡು ತಿರುಗ್ತಿದ್ರಿ. ಬೀಗಿತ್ತಿಗೆ ಅಗ್ಗದ್ದು ಹಾಕಿಸಿದ್ರು ಅಂತ ನಮ್ಮಕ್ಕನ್ನ ಜನ ಆಡ್ಕೊಳ್ತಿದ್ರು. ಅವಳು ಊರಿಗೆಲ್ಲ ಹೇಳ್ಬಿಟ್ಟಿದ್ಳು."

ಆಹಾ! ಎಂಥ ನಯ, ಎಂಥ ನಾಜೂಕು! ಈಕೆ ಅವರಿಗೆ ಮುಚ್ಚಿಟ್ಟಳು, ಆತ ಮುಚ್ಚಿಟ್ಟದ್ದನ್ನು ಕಂಡೂ ಮುಚ್ಚಿಟ್ಟ. ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ಉಳಿಸಿಕೊಂಡು ಚಹಾ ಕುಡಿದರು, ನಡುವೆ ಹೋದದ್ದು ಒಂದು ಕಣ್ಣು. ಮುಕಂಬರ್ ಎದ್ದು ನಿಂತಳು.

"ನನ್ನ ಮರ್ಯಾದೆ ಕಾಪಾಡಿದೆ ಅಂತೀಯಲ್ಲ, ನನ್ನ ಕಣ್ಣು ಕಾಪಾಡೋಕೆ ಯಾರ ಹತ್ರ ಹೋಗಬೇಕಿತ್ತು ನಾನು? ರೊಟ್ಟಿ ಸುಡೋನ ಹತ್ರಾನಾ? ಆಪಾಗೆ ಅಕ್ಷರ ಗೊತ್ತಿಲ್ಲ, ಸುಳ್ಳು ಹೇಳಿದ್ಳು. ನೀನು ಓದಿದೋನು! ಅವರನ್ನ ಹೊರಗೆ ಕಳಿಸಿ ನನ್ನೊಬ್ಬಳನ್ನೇ ಕೇಳೋಕೆ ನಿನಗೇನಾಗಿತ್ತು ದಾಡಿ?" ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವಳ ಬಾಯಲ್ಲಿ ಏಕವಚನ ತಾನಾಗಿ ಬಂದಿತ್ತು.

"ಸಿಟ್ಟು ಮಾಡ್ಕೋಬೇಡಿ. ಎಡಗಣ್ಣಿಗೂ ಇದೇ ಹಾಕಿದ್ರೆ ಎರಡೂ ಒಂದೇ ಸಮ ಆಗ್ತವೆ. ಹೊಂದಿಕೊಳ್ಳುತ್ತೆ."

"ಇದನ್ನ ತೆಗಿ."

ಅವನು ಮೇಜಿನ ಅಂಚು ಉಜ್ಜತೊಡಗಿದ. "ತೆಗೆಯೋದು ಸುಲಭ ಅಲ್ಲ. ಮೊದಲೇ ಒಮ್ಮೆ ಒಳಗೆಲ್ಲ ಆಪರೇಷನ್ ಆದ ಕಣ್ಣು. ಕೈ ಹಾಕಿದ್ರೆ ಇರೋದೂ ಹೋಗಬಹುದು. ಮದುವೆ ಮುಗೀಲಿ, ನೋಡೋಣ."

ಮದುವೆ ಮುಗೀಲಿ. ಎಲ್ಲರದೂ ಅದೇ ಮಂತ್ರ. ಮುಕಂಬರ್ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದು ಹೊರಬಿದ್ದಳು.

ಶುಕ್ರವಾರ ಬೀಗರು ತಟ್ಟೆ ಹೊತ್ತು ಬಂದರು. ಸಕ್ಕರೆ ಹರಳು, ಒಣದ್ರಾಕ್ಷಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳ ಗೋಪುರ. ನಡುಮನೆಯಲ್ಲಿ ನೆಲದ ಮೇಲೆ ಊಟದ ಬಟ್ಟೆ ಹಾಸಿ ಹೆಂಗಸರು ಸುತ್ತ ಕೂತರು. ಗಂಡಸರು ಅಂಗಳದಲ್ಲಿ ಪಲಾವಿನ ಕಡಾಯಿಯ ಹತ್ತಿರ ಇದ್ದರು. ಆಯ್ದೀನ್ ಪಕ್ಕದ ಕೋಣೆಯಲ್ಲಿ ಪರದೆ ಹಿಂದೆ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ಮೊದಲ ಚಹಾ ಆಗುತ್ತಿದ್ದಂತೆ ಮಂಜೂರಾ ತಮ್ಮನನ್ನು ಅಂಗಳದಿಂದ ಕರೆಸಿ ತನ್ನ ಪಕ್ಕ ಕೂರಿಸಿಕೊಂಡಳು.

"ಎಲ್ಲರೂ ಕೇಳಿ! ನಮ್ಮ ಬೀಗಿತ್ತಿಯ ಒಂದು ಕಣ್ಣು ಬೆಳಗಿದೆ. ಸೋಮವಾರ ಇನ್ನೊಂದನ್ನೂ ನೋದಿರ್‌ಜಾನ್ ಬೆಳಗ್ತಾನೆ. ಮದುವೆ ದಿನ ಇವರು ಹದಿನಾರರ ಹುಡುಗಿ!"

ಹೆಂಗಸರು ನಕ್ಕು ಆಮೀನಿಗೆ ಕೈ ಎತ್ತಿದರು. ಹೊಸಿಯತ್ ಆಪಾ ಎಲ್ಲರಿಗಿಂತ ಮೇಲೆ ಎತ್ತಿದಳು. ಮುಕಂಬರ್ ಎತ್ತಲಿಲ್ಲ.

"ನನ್ನ ಎಡಗಣ್ಣನ್ನ ನಾನು ಯಾರಿಗೂ ಕೊಡಲ್ಲ."

ಎತ್ತಿದ ಕೈಗಳು ಅಲ್ಲೇ ನಿಂತವು. ಆಪಾಳ ಉಗುರು ತೊಡೆಗೆ ನಾಟಿತು. ಮುಕಂಬರ್ ಆ ಕೈಯನ್ನು ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ, ಪಕ್ಕಕ್ಕೆ ಎಸೆದಳು.

"ಚಿವುಟಬೇಡಿ ಆಪಾ. ಅವತ್ತು ಆಸ್ಪತ್ರೇಲೂ ಚಿವುಟಿದ್ರಿ, ಸುಮ್ಮನಾದೆ, ಕಣ್ಣು ಹೋಯ್ತು. ಮಂಜೂರಾ ಬೀಗಿತ್ತಿ, ನನಗೆ ಪಿತ್ತಕೋಶದಲ್ಲಿ ಕಲ್ಲೂ ಇರ್ಲಿಲ್ಲ ಮಣ್ಣೂ ಇರ್ಲಿಲ್ಲ. ನನ್ನ ಬಲಗಣ್ಣಿನ ರೆಟಿನಾ ಹರಿದುಹೋಗಿತ್ತು. ತಾಷ್ಕೆಂಟಲ್ಲಿ ಹೊಲಿಸ್ಕೊಂಡು ಬಂದೆ. ನಿಮಗೆ ಮುಚ್ಚಿಟ್ವಿ. ಅಂಥ ಕಣ್ಣಿಗೆ ಹಾಕಬಾರದ ಲೆನ್ಸನ್ನ ನೀವು ಪ್ರೀತಿಯಿಂದ ಹಾಕಿಸಿದ್ರಿ. ಈಗ ನನಗೆ ನನ್ನ ಗೆರೆ ಕಾಣಲ್ಲ. ಚಹಾದ ಬಟ್ಟಲಲ್ಲಿ ಚಹಾ ಇದೆಯಾ ಇಲ್ವಾ ಕಾಣಲ್ಲ. ನಾಲ್ಕು ತಿಂಗಳಿಂದ ಹಲ್ಲು ಕಿರಿದೂ ಕಿರಿದೂ ನನಗೆ ದವಡೆ ನೋವು ಬಂದಿದೆ!"

ಮಂಜೂರಾಳ ಮುಖ ಕೆಂಪೇರಿತು. "ಅಂದ್ರೆ ಕಣ್ಣು ಕೆಟ್ಟ ಮನೆತನಾನ ಗಿಲೀಟು ಹಾಕಿ ನಮಗೆ ತೋರಿಸಿದ್ರಿ? ನನ್ನ ಮಗನಿಗೆ?"

"ತೋರಿಸಿದ್ವಿ, ತಪ್ಪು. ಬಯ್ಯಿರಿ. ಆದರೆ ನಿಮ್ಮ ತಮ್ಮನಿಗೆ ಎಲ್ಲ ಕಂಡಿತ್ತು. ಒಂದು ಮಾತೂ ಆಡದೆ ಹಾಕಿದ. ಕೇಳಿ ಅವನನ್ನ."

ಮಂಜೂರಾ ತಿರುಗಿದಳು. ನೋದಿರ್ ತನ್ನ ಮುಂದಿದ್ದ ಒಣದ್ರಾಕ್ಷಿಯನ್ನೇ ನೋಡುತ್ತಿದ್ದ. "ಅಕ್ಕಾ, ಅವರೇ ಇಲ್ಲ ಅಂದಾಗ..."

"ಕತ್ತೆ!" ಮಂಜೂರಾಳ ಧ್ವನಿಗೆ ಅಂಗಳದ ಗಂಡಸರು ಕಿಟಕಿಗೆ ಬಂದರು. "ನನ್ನ ಹೆಸರಲ್ಲಿ ಕೊಟ್ಟ ಉಡುಗೊರೆ ಕಣೋ ಅದು! ನನ್ನ ಹೆಸರಲ್ಲಿ ಇವರ ಕಣ್ಣು ಹಾಳು ಮಾಡಿ, ನನಗೇ ಹೇಳ್ಲಿಲ್ಲ ನೀನು?"

ಮಾತು ಕೈಮೀರುವುದನ್ನು ಕಂಡು ಹೊಸಿಯತ್ ಆಪಾ ಮಂಡಿಯ ಮೇಲೆ ಎದ್ದು ಕೂತಳು. ಮದುವೆ ಮುರಿಯಬಾರದು ಅನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು. ಗೋಪುರದ ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡಳು. ರೊಟ್ಟಿ ಎತ್ತಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಅನುಮಾನಿಸುವುದಿಲ್ಲ. ಸುಳ್ಳಾಡಿದವರನ್ನು ರೊಟ್ಟಿಯೇ ಹೊಡೆಯುತ್ತದೆ, ಆ ಮನೆ ಅನ್ನ ಕಾಣುವುದಿಲ್ಲ ಅನ್ನುತ್ತಾರೆ.

"ಮಂಜೂರಾ, ಇವಳದ್ದು ಇವಳಿಗೇ ಇರ್ಲಿ. ಇವಳು ಹೊರಗಿಂದ ಬಂದೋಳು. ಹುಡುಗಿ ನಮ್ಮ ರಕ್ತ. ಆಯ್ದೀನಳ ಕಣ್ಣಲ್ಲಿ ಒಂದು ಕೂದಲಷ್ಟೂ ದೋಷ ಇಲ್ಲ. ಇದು ಸುಳ್ಳಾದ್ರೆ ಈ ರೊಟ್ಟಿ ನನ್ನನ್ನ..."

"ಅತ್ತೇ, ಬೇಡ!"

ಪರದೆ ಸರಿಸಿಕೊಂಡು ಆಯ್ದೀನ್ ಓಡಿಬಂದು ಆಪಾಳ ಎರಡೂ ಮಣಿಕಟ್ಟು ಹಿಡಿದಿದ್ದಳು. ಮದುವಣಗಿತ್ತಿ ಗಂಡಿನ ಕಡೆಯವರ ಮುಂದೆ ಹೀಗೆ ಬರುವುದುಂಟೇ? ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು.

"ಒಳಗೆ ಹೋಗೇ!" ಆಪಾ ಹಲ್ಲು ಕಚ್ಚಿ ಹೇಳಿದಳು.

"ರೊಟ್ಟಿ ಕೆಳಗಿಡಿ ಅತ್ತೆ. ರೊಟ್ಟಿ ಹಿಡಿದು ಹೇಳ್ಬೇಡಿ. ನಿಮಗೆ ಗೊತ್ತಿದೆಯಲ್ಲ."

"ಏನು ಗೊತ್ತಿದೆ?" ಮುಕಂಬರ್ ಕೇಳಿದಳು.

ಹುಡುಗಿ ಅತ್ತೆಯ ಕೈಯಿಂದ ರೊಟ್ಟಿ ಬಿಡಿಸಿ, ಮೇಲ್ಮುಖವಾಗಿ, ಮೆಲ್ಲಗೆ ಬಟ್ಟೆಯ ಮೇಲಿಟ್ಟಳು. "ಎಡಗಣ್ಣಲ್ಲಿ ಮಿಂಚು ಬರುತ್ತಮ್ಮ. ಬೆಂಕಿಕಡ್ಡಿ ಗೀರಿದ ಹಾಗೆ. ಕಪ್ಪು ನುಸಿ ಓಡಾಡ್ತವೆ. ಏಪ್ರಿಕಾಟ್ ಹೂ ಬಿಟ್ಟಾಗ, ನೌರೂಜ್ ಹಬ್ಬದಲ್ಲೇ ಅತ್ತೆಗೆ ಹೇಳಿದ್ದೆ. ಮದುವೆ ಮುಗಿಯೋ ತನಕ ಬಾಯಿ ಬಿಡಬೇಡ ಅಂದ್ರು. ನಿನ್ನೆಯಿಂದ ಮೂಲೇಲಿ ಏನೋ ಕಪ್ಪು ಏರಿದೆ. ಹೋಗ್ತಾ ಇಲ್ಲ."

"ನನಗ್ಯಾಕೆ ಹೇಳ್ಲಿಲ್ಲವೇ?"

"ಯಾರು ಕೇಳಿದ್ರೂ ಪಿತ್ತಕೋಶ ಅನ್ನು ಅಂತ ನೀನೇ ಹೇಳಿಕೊಟ್ಟಿದ್ದೆಯಲ್ಲಮ್ಮ. ಹೀಗೇ ಮಾಡ್ಬೇಕೇನೋ ಅನ್ಕೊಂಡೆ."

ಮುಕಂಬರಳಿಗೆ ಕೆನ್ನೆಗೆ ಹೊಡೆದಂತಾಯಿತು. ಆಪಾಳ ಮೇಲೆ, ಡಾಕ್ಟರನ ಮೇಲೆ, ಊರಿನ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ತಿರುಗಿ ಅವಳ ಮೇಲೇ ಬಿತ್ತು. ಆದರೆ ಕೂತು ಅಳುವ ಹೊತ್ತು ಅದಲ್ಲ. ಅವಳು ನೋದಿರನ ಕಡೆ ಬೆರಳು ಮಾಡಿದಳು.

"ಏಳು. ನನಗೆ ಮಾಡದ ಕೆಲಸಾನ ಇವಳಿಗೆ ಮಾಡು. ನೋಡಿ ನಿಜ ಹೇಳು."

ಅವನು ಎದ್ದ. ಹುಡುಗಿಯ ಬಲಗಣ್ಣು ಮುಚ್ಚಿಸಿ, ತನ್ನ ಬೆರಳನ್ನು ಒಂದೊಂದು ಬದಿಯಿಂದ ತಂದು, ಕಂಡಿತಾ ಕಂಡಿತಾ ಎಂದು ಕೇಳಿದ. ಮೂಗಿನ ಕಡೆ ಕೆಳಗಿಂದ ತಂದಾಗ ಅವಳು ಇಲ್ಲ ಅಂದಳು. ಮತ್ತೆ ತಂದ. ಇಲ್ಲ. "ತಾಷ್ಕೆಂಟಿಗೆ ಈಗಲೇ ಹೊರಡಿ," ಅಂದ, ಎಲ್ಲರಿಗೂ ಕೇಳುವ ಹಾಗೆ. "ರೆಟಿನಾ ಕಳಚಿಕೊಳ್ತಿದೆ. ನಡುವಿನವರೆಗೆ ಬಂದಿಲ್ಲ. ಬರೋ ಮೊದಲು ಅಲ್ಲಿಗೆ ಮುಟ್ಟಬೇಕು. ನನ್ನಲ್ಲಿ ಆಗಲ್ಲ. ನನ್ನ ಕಾರಲ್ಲಿ..."

"ನಿನ್ನ ಉಡುಗೊರೆ ಒಂದು ಸಾಕು," ಅಂದಳು ಮುಕಂಬರ್. ಮಗಳಿಗೆ ಶಾಲು ಹೊದಿಸಿದಳು.

"ಜನಕ್ಕೆ ಏನ್ ಹೇಳ್ಲಿ?" ಹೊಸಿಯತ್ ಆಪಾ ಗೊಣಗಿದಳು. ಅವಳ ಚಿನ್ನದ ಹಲ್ಲು ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ಆಯ್ದೀನ್ ಚಪ್ಪಲಿ ಹುಡುಕುವಾಗ ಮಂಜೂರಾ ಬಗ್ಗಬೇಡ ಅಂತ ಗದರಿ, ತಾನೇ ಬಗ್ಗಿ ಚಪ್ಪಲಿಯನ್ನು ಅವಳ ಕಾಲ ಹತ್ತಿರ ಸರಿಸಿದಳು. ಮದುವೆ ಆಗುತ್ತದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ಸೀಟಿಗಿಷ್ಟು ಅಂತ ಓಡುವ ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟು ತಾಯಿ ಮಗಳಿಗೆ. ಮುಂದೆ ಚಾಲಕನ ಪಕ್ಕ ಹೂವಿನ ರುಮಾಲಿನ ಒಬ್ಬ ಹೆಂಗಸು, ಮಡಿಲಲ್ಲಿ ಚೆರ್ರಿ ಹಣ್ಣಿನ ಬಕೆಟ್. ಬೆಟ್ಟದ ದಾರಿ ಶುರುವಾದ ಮೇಲೆ ಆಯ್ದೀನ್ ಕಣ್ಣು ಮುಚ್ಚಿ ಅಮ್ಮನ ಕೈ ಒತ್ತಿ ಹಿಡಿದಳು. ಚಾಲಕ ಕನ್ನಡಿಯಲ್ಲಿ ನೋಡಿದ.

"ಏನ್ ಆಪಾ, ಹುಡುಗಿಗೆ ಹುಷಾರಿಲ್ವಾ?"

"ಏನಿಲ್ಲ, ಸ್ವಲ್ಪ ಹೊಟ್ಟೆ..." ಆಯ್ದೀನ್ ಶುರು ಮಾಡಿದಳು.

"ಹೊಟ್ಟೆ ಅಲ್ಲ!" ಮುಕಂಬರ್ ಎಷ್ಟು ಜೋರಾಗಿ ಹೇಳಿದಳೆಂದರೆ ಚಾಲಕ ಬೆಚ್ಚಿದ. "ಕಣ್ಣು. ಇವಳ ರೆಟಿನಾ ಕಳಚ್ತಿದೆ. ಹಿಂದೆ ನನಗೂ ಹೀಗೇ ಆಗಿತ್ತು. ಆಪರೇಷನ್ ಮಾಡಿಸೋಕೆ ಹೋಗ್ತಿದೀವಿ. ಬೇಗ ಓಡ್ಸಪ್ಪ, ಗುಂಡಿ ಬಂದ್ರೆ ಮಾತ್ರ ನಿಧಾನ."

ಚೆರ್ರಿಯ ಹೆಂಗಸು ಪೂರ್ತಿ ತಿರುಗಿ ಕೂತಳು. ಸುದ್ದಿಯ ವಾಸನೆ ಹಿಡಿದ ಮುಖ. "ಅಲ್ಲಾ! ತಾಯಿಗೂ ಮಗಳಿಗೂನಾ? ನೀವು ಮರ್ಗಿಲಾನಿನವರು ಅಲ್ವಾ? ಯಾವ ಮೊಹಲ್ಲಾ? ಯಾರ ಮನೆ?"

ನಾಳೆ ಬೆಳಗಾಗುವುದರೊಳಗೆ ಈ ಬಾಯಿ ಇಡೀ ಪೇಟೆಗೆ ಹಂಚುತ್ತದೆ ಅಂತ ಮುಕಂಬರಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮೊಹಲ್ಲಾದ ಹೆಸರು ಹೇಳಿದಳು. ಬೀದಿ ಹೇಳಿದಳು. ತೀರಿಹೋದ ಗಂಡನ ಹೆಸರು, ತನ್ನ ಹೆಸರು, ಮಗಳ ಹೆಸರು, ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು.